ಎರಡನೇ ಸಿಲಿಂಡರಿನ ಕಿಲುಬು

ಅಕ್ಕನ ಮನೆ ಕುಂಬಳೆಯ ಹತ್ತಿರ, ಕೊಯಿಪ್ಪಾಡಿಯಲ್ಲಿ. ಅಂಗಳದಲ್ಲಿ ನಿಂತರೆ ತೆಂಗಿನ ಸಾಲಿನಾಚೆ ಸಮುದ್ರ ಕಾಣುತ್ತದೆ. ನೋಡಲು ಬಹಳ ಚಂದ. ಆದರೆ ಅಲ್ಲಿ ಲೋಹ ಬಾಳುವುದಿಲ್ಲ. ಗೇಟಿನ ಕೀಲು, ಕಿಟಕಿಯ ಸರಳು, ಪಂಪ್ ಶೆಡ್ಡಿನ ಸ್ವಿಚ್ಚು ಎಲ್ಲವನ್ನೂ ಉಪ್ಪುಗಾಳಿ ತಿನ್ನುತ್ತದೆ. ಭಾವನ ಪೆಟ್ರೋಲ್ ಕಾರು ವರ್ಷಗಳಿಂದ ನಿಲ್ಲುವುದು ಅದೇ ಅಂಗಳದಲ್ಲಿ.

ಕಳೆದ ಮಳೆಗಾಲದಲ್ಲಿ ಅವರ ಫೋನ್ ಬಂತು. "ಸೀತಾಂಗೋಳಿ ಏರಿನಲ್ಲಿ ಗಾಡಿ ಎಳೆಯುವುದೇ ಇಲ್ಲ ಮಾರಾಯ. ಇಡೀ ಕಾರು ನಡುಗ್ತದೆ. ಎಂಜಿನ್ ಲೈಟ್ ಮಿಣಮಿಣ ಅಂತದೆ. ಎಂತ ಮಾಡುವುದು?"

ಲೈಟ್ ಸುಮ್ನೆ ಉರಿಯುವುದು ಬೇರೆ, ಮಿಣುಕುವುದು ಬೇರೆ. ಮಿಣುಕಿದರೆ ಮಿಸ್ಸಿಂಗ್, ಅಂದರೆ ಸಿಲಿಂಡರಿನಲ್ಲಿ ಪೆಟ್ರೋಲ್ ಸರಿಯಾಗಿ ಉರಿಯದೆ ಎಂಜಿನ್ ತಪ್ಪುವುದು, ಜೋರಾಗಿದೆ ಎಂದು ಅರ್ಥ. ಆಗ ಸಿಲಿಂಡರಿನಲ್ಲಿ ಉರಿಯದ ಪೆಟ್ರೋಲ್ ಸೈಲೆನ್ಸರ್ ಪೈಪಿನ ಕಡೆ ಹೋಗಿ, ಅಲ್ಲಿ ಹೊಗೆಯ ವಿಷ ಕಮ್ಮಿ ಮಾಡಲು ಇರುವ ಕ್ಯಾಟಲಿಟಿಕ್ ಕನ್ವರ್ಟರಿನೊಳಗೆ ಉರಿಯುತ್ತದೆ. ಅದು ಹಾಳಾದರೆ ಖರ್ಚು ದೊಡ್ಡದು. "ಭಾವ, ಇನ್ನು ಓಡಿಸಬೇಡಿ, ನಾನೇ ಬರ್ತೇನೆ" ಎಂದೆ.

ನನ್ನ ಊರು ಪೆರ್ಲದ ಕಡೆ. ಅಡಿಕೆ ತೋಟಗಳ ಪಂಪಿಗೆ ವೈರಿಂಗ್ ಮಾಡುವುದು, ಮೋಟಾರ್ ರಿಪೇರಿ ಮಾಡುವುದು ನನ್ನ ಕಸುಬು. ಕಾರಿನ ಕೆಲಸ ಆಸೆಪಟ್ಟು ಕಲಿತದ್ದು. ಕರೆಂಟಿನ ಗುಣ ಮಾತ್ರ ಎರಡೂ ಕಡೆ ಒಂದೇ.

ಭಾವ ಅದಕ್ಕೆ ಮೊದಲೇ ಒಂದು ಗ್ಯಾರೇಜಿಗೆ ಹೋಗಿ ಬಂದಿದ್ದರು. ಅಲ್ಲಿ ನಾಲ್ಕೂ ಪ್ಲಗ್ ಬದಲಾಯಿಸಿದ್ದರು. ಎರಡನೇ ಸಿಲಿಂಡರಿಗೆ ಹೊಸ ಇಗ್ನಿಷನ್ ಕಾಯಿಲ್ (ಪ್ಲಗ್ಗಿನಲ್ಲಿ ಕಿಡಿ ಹಾರಲು ವೋಲ್ಟೇಜ್ ಏರಿಸಿ ಕೊಡುವ ಭಾಗ) ಹಾಕಿದ್ದರು. ಕೆಲವು ದಿನ ಎಂಜಿನ್ ಚೆನ್ನಾಗಿ ಓಡಿತ್ತು. ಮತ್ತೆ ಜೋರು ಮಳೆ ಹಿಡಿದಾಗ ಅದೇ ನಡುಕ. ನನಗೆ ಅನುಮಾನ ಬಂದದ್ದು ಇಲ್ಲೇ. ಹೊಸ ಕಾಯಿಲ್ ಹಾಕಬೇಕಾದರೆ ಕಪ್ಲರ್, ಅಂದರೆ ಅದಕ್ಕೆ ವೈರ್ ಜೋಡಿಸುವ ಕನೆಕ್ಟರ್, ಬಿಚ್ಚಿ ಮತ್ತೆ ಸಿಕ್ಕಿಸಬೇಕು. ಆಗ ಪಿನ್ನುಗಳು ಒಂದಕ್ಕೊಂದು ಉಜ್ಜಿ, ಮೇಲಿನ ಕೊಳೆ ಸ್ವಲ್ಪ ಹೋಗಿ, ಕಾಂಟ್ಯಾಕ್ಟ್ ಸಿಗುತ್ತದೆ. ಗುಣವಾದದ್ದು ಹೊಸ ಕಾಯಿಲಿನಿಂದ ಅಂತ ಅನಿಸುತ್ತದೆ. ದುಡ್ಡು ಮಾತ್ರ ಹೋಗಿರುತ್ತದೆ.

ಕಾರಿನ ಕಂಪ್ಯೂಟರಿನ ದೋಷದ ಕೋಡ್ ಓದುವ ಸ್ಕ್ಯಾನರ್ ಹಾಕಿದೆ. ಪಿ 0302 ಬಂತು. ಎರಡನೇ ಸಿಲಿಂಡರಿನಲ್ಲಿ ಮಿಸ್‌ಫೈರ್, ಅದೇ ಮಿಸ್ಸಿಂಗ್. ಈ ಕೋಡ್ ಜಾಗ ತೋರಿಸುತ್ತದೆ, ಕಾರಣ ಹೇಳುವುದಿಲ್ಲ. ಎರಡರ ಕಾಯಿಲನ್ನು ಮೂರಕ್ಕೆ, ಮೂರರದ್ದನ್ನು ಎರಡಕ್ಕೆ ಹಾಕಿದೆ. ಕಾಯಿಲ್ ಕೆಟ್ಟಿದ್ದರೆ ಮಿಸ್ಸಿಂಗ್ ಅದರ ಜೊತೆ ಮೂರಕ್ಕೆ ಹೋಗಬೇಕಿತ್ತು, ಅಲ್ವಾ? ಹೋಗಲಿಲ್ಲ. ಪ್ಲಗ್ಗನ್ನೂ ಹಾಗೇ ಅದಲು ಬದಲು ಮಾಡಿದೆ. ಕೋಡ್ ಎರಡರಲ್ಲೇ ಉಳಿಯಿತು. ಸಿಲಿಂಡರಿನೊಳಗಿನ ಒತ್ತಡ, ಅಂದರೆ ಕಂಪ್ರೆಷನ್, ಕಮ್ಮಿಯಾಗಿದ್ದರೆ ಬಿಸಿಲಿದ್ದ ದಿನವೂ ತೊಂದರೆ ಕೊಡಬೇಕು. ಬಿಸಿಲು ಬಂದಾಗ ಕಾರು ಸರಿ ಇರುತ್ತಿತ್ತು. ಒಮ್ಮೆ ಬಂದು ಒಮ್ಮೆ ಹೋಗುವ ರೋಗಕ್ಕೆ ನಾನು ಮೊದಲು ಹುಡುಕುವುದು ವೈರನ್ನು.

ಎಂಜಿನ್ ಐಡ್ಲಿಂಗಿನಲ್ಲಿಟ್ಟು ವೈರಿನ ಕಟ್ಟನ್ನು ಮೆಲ್ಲಗೆ ಅಲ್ಲಾಡಿಸುತ್ತಾ ಹೋದೆ. ಎರಡನೇ ಕಾಯಿಲಿನ ಹತ್ತಿರ ಕೈ ಬಂದಾಗ ಎಂಜಿನ್ ಕುಂಟಿತು. ಕೈ ಬಿಟ್ಟೆ, ಸರಿಯಾಯಿತು. ಮತ್ತೆ ಅಲ್ಲಾಡಿಸಿದೆ, ಮತ್ತೆ ಕುಂಟಿತು. ಪಕ್ಕದಲ್ಲಿ ಕೊಡೆ ಹಿಡಿದು ನಿಂತಿದ್ದ ಅಕ್ಕ, "ಇಷ್ಟೇಯಾ?" ಎಂದಳು.

ಎಂಜಿನ್ ಆಫ್ ಮಾಡಿ ಕಪ್ಲರ್ ಬಿಚ್ಚಿ ಬೆಳಕಿಗೆ ಹಿಡಿದೆ. ಒಳಗೆ ಹಸಿರು ಕಿಲುಬು. ಪೂಜೆಯ ತಾಮ್ರದ ಚೆಂಬನ್ನು ತೊಳೆಯದೆ ಬಿಟ್ಟರೆ ಹಿಡಿಯುತ್ತದಲ್ಲ, ಹಾಗೆಯೇ. ನೀರು ತಡೆಯಬೇಕಾದ ರಬ್ಬರ್ ಸೀಲ್ ಹರಿದಿತ್ತು. ಬಾನೆಟ್ಟಿನ ಹಿಂಬದಿಯ ರಬ್ಬರ್ ಕೂಡ ಕಿತ್ತುಹೋಗಿತ್ತು. ಗಾಜಿನ ಮೇಲಿಂದ ಇಳಿದ ಮಳೆನೀರು ಸೀದಾ ಅಲ್ಲಿಗೇ ತೊಟ್ಟಿಕ್ಕುತ್ತಿತ್ತು.

ಬರೀ ಮಳೆನೀರಾದರೆ ಒಂದು ದಿನ ಒಣಗುತ್ತದೆ. ಉಪ್ಪು ಸೇರಿದರೆ ಒಣಗುವುದಿಲ್ಲ. ಗಾಳಿಯ ತೇವ ಶೇಕಡಾ 75 ದಾಟಿದರೆ ಉಪ್ಪು ತಾನೇ ನೀರು ಎಳೆದುಕೊಂಡು ಕರಗುತ್ತದೆ. ನಮ್ಮ ಕಾಸರಗೋಡಿನ ಕರಾವಳಿಯಲ್ಲಿ ಮಳೆಗಾಲವಿಡೀ ಗಾಳಿಯ ತೇವ ಅದಕ್ಕಿಂತ ಜಾಸ್ತಿಯೇ. ಮೇಲಿಂದ ಕರೆಂಟ್ ಬೇರೆ ಇರುತ್ತದೆ. ಉಪ್ಪುನೀರಿನಲ್ಲಿ ಕರೆಂಟ್ ಹರಿದರೆ ಪ್ಲಸ್ ಕಡೆಯ ಪಿನ್ ಬೇಗ ಸವೆಯುತ್ತದೆ. ಇಲ್ಲಿ ಜಾಸ್ತಿ ಹಸಿರಾಗಿದ್ದದ್ದೂ ಅದೇ ಪಿನ್.

ಭಾವನಿಗೆ ಇನ್ನೂ ನಂಬಿಕೆ ಬಂದಿರಲಿಲ್ಲ. ಮೀಟರ್ ಇಟ್ಟು ಕಂಟಿನ್ಯುಟಿ, ಅಂದರೆ ವೈರ್ ತುಂಡಾಗಿಲ್ಲವೇ ಎಂದು, ನೋಡಿದಾಗ ಅದು 'ಬೀಪ್' ಅಂದಿತ್ತು. "ಕನೆಕ್ಷನ್ ಉಂಟಲ್ಲ?" ಎಂದರು. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ಎಷ್ಟೋ ಜನ ಎಡವುವುದು ಇಲ್ಲೇ. ಮೀಟರ್ ಕಂಟಿನ್ಯುಟಿ ನೋಡುವಾಗ ಹರಿಸುವ ಕರೆಂಟ್ ಬಹಳ ಸಣ್ಣದು. ಒಂದೇ ಎಳೆ ತಂತಿ ಉಳಿದಿದ್ದರೂ ಅದು ಬೀಪ್ ಅನ್ನುತ್ತದೆ. ಕಾಯಿಲ್ ಎಳೆಯುವುದು ಕೆಲವು ಆಂಪಿಯರ್. ಕರೆಂಟಿನ ದಾರಿಯಲ್ಲಿ ಅರ್ಧ ಓಮ್ ತಡೆ ಅಡ್ಡ ಬಂದರೂ 6 ಆಂಪಿಯರಿಗೆ 3 ವೋಲ್ಟ್ ಅಲ್ಲೇ ನಷ್ಟ. ಏರು ಹತ್ತುವಾಗ ಸಿಲಿಂಡರಿನ ಒತ್ತಡ ಹೆಚ್ಚಿ, ಕಿಡಿ ಹಾರಲು ಇನ್ನೂ ಜಾಸ್ತಿ ವೋಲ್ಟೇಜ್ ಬೇಕು. ಅದು ಸಿಗುವುದಿಲ್ಲ. ಸೀತಾಂಗೋಳಿ ಏರಿನಲ್ಲಿ ಕಾರು ನಡುಗಿದ್ದು ಇದಕ್ಕೇ. ತೋಟದಲ್ಲಿಯೂ ಇದೇ ಕಥೆ. ಮೋಟಾರ್ ಆಫ್ ಇದ್ದಾಗ 230 ವೋಲ್ಟ್ ತೋರಿಸುವ ಲೈನ್, ಆನ್ ಮಾಡಿದ ಕೂಡಲೇ ಕುಸಿಯುತ್ತದೆ. ಲೋಡ್ ಹಾಕದೆ ನೋಡಿದ ವೋಲ್ಟೇಜನ್ನು ನಾನು ನಂಬುವುದಿಲ್ಲ.

ಇಂಡಿಕೇಟರಿನ 21 ವ್ಯಾಟ್ ಬಲ್ಬೊಂದನ್ನು ತಂದು ಕಪ್ಲರಿನ ಪವರ್ ಮತ್ತು ಅರ್ತ್ ಪಿನ್ನಿಗೆ ಕೊಟ್ಟು ಕೀ ಆನ್ ಮಾಡಿದೆ. ಸಿಗ್ನಲ್ ಪಿನ್ನಿಗೆ ಮಾತ್ರ ಬಲ್ಬ್ ಕೊಡಬಾರದು, ಎಂಜಿನ್ ನಡೆಸುವ ಕಂಪ್ಯೂಟರ್ (ಇಸಿಯು) ಸುಟ್ಟೀತು. ಮೂರನೇ ಕಪ್ಲರಿನಲ್ಲಿ ಬಲ್ಬ್ ಉರಿಯುತ್ತಿರುವಾಗ 12.3 ವೋಲ್ಟ್ ಇತ್ತು. ಎರಡನೆಯದರಲ್ಲಿ 10.9. ಬೆಳಕು ಕಣ್ಣಿಗೇ ಮಂಕಾಗಿ ಕಂಡಿತು. ಭಾವ ಆಮೇಲೆ ಮಾತಾಡದೆ ಟಾರ್ಚ್ ಹಿಡಿದರು.

ಬ್ಯಾಟರಿಯ ಮೈನಸ್ ಕಳಚಿ, ವೈರಿನ ಪ್ಲಾಸ್ಟಿಕ್ ಸುಲಿದು ನೋಡಿದರೆ ಕಿಲುಬು ಒಳಗೆ ಬೆರಳುದ್ದ ಏರಿತ್ತು. ಪಿನ್ ತೊಳೆದರೆ ಸಾಲದು ಎಂದು ತಿಳಿಯಿತು. ತಾಮ್ರ ಕೆಂಪಗೆ ಹೊಳೆಯುವವರೆಗೆ ವೈರ್ ಕತ್ತರಿಸಿದೆ. ವೈರ್ ಸಮೇತದ ಹೊಸ ಕಪ್ಲರ್ ಮಂಗಳೂರಿನಿಂದ ತರಿಸಿ ಕ್ರಿಂಪ್ ಮಾಡಿ (ಲೋಹದ ತುಂಡಿನಲ್ಲಿ ಒತ್ತಿ ಜೋಡಿಸಿ), ಒಳಗೆ ಅಂಟು ಇರುವ ಹೀಟ್ ಶ್ರಿಂಕ್, ಅಂದರೆ ಬಿಸಿಗೆ ಕುಗ್ಗಿ ಬಿಗಿಯುವ ಕೊಳವೆ, ತೊಡಿಸಿದೆ. ಉಳಿದ ಮೂರು ಕಪ್ಲರಿಗೆ ಕಾಂಟ್ಯಾಕ್ಟ್ ಕ್ಲೀನರ್ ಹೊಡೆದೆ. ಅರ್ತ್ ಬೋಲ್ಟ್ ಬಿಚ್ಚಿ ಉಜ್ಜಿದೆ. ಪಿನ್ನುಗಳಿಗೆ ಮಾತ್ರ ಮರಳು ಕಾಗದ ಮುಟ್ಟಿಸಲಿಲ್ಲ, ಮೇಲಿನ ತವರದ ಲೇಪ ಹೋದರೆ ಮತ್ತೆ ಬೇಗ ಕಿಲುಬು ಹಿಡಿಯುತ್ತದೆ. ಸೀಲಿಗೆ ಹಚ್ಚಲು ಸಿಲಿಕಾನ್ ಗ್ರೀಸ್ ಕೊಟ್ಟದ್ದು ಪಕ್ಕದ ಮನೆಯ ದೋಣಿಯವರು. ಅವರು ಬೋಟಿನ ಎಂಜಿನನ್ನು ಸಿಹಿನೀರಿನಲ್ಲಿ ತೊಳೆದು, ವೈರಿನ ಜಾಯಿಂಟುಗಳಿಗೆ ಗ್ರೀಸ್ ಹಾಕದೆ ಬಿಡುವುದಿಲ್ಲವಂತೆ. ಸಮುದ್ರದ ಬದಿಯಲ್ಲಿ ನಿಲ್ಲುವ ಕಾರಿಗೂ ಅಷ್ಟು ಉಪಚಾರ ಬೇಕೇ ಬೇಕು ಎನ್ನುವುದು ನನ್ನ ಅಭಿಪ್ರಾಯ.

ಬಾನೆಟ್ಟಿನ ರಬ್ಬರೂ ಹೊಸತು ಹಾಕಿದ ಮೇಲೆ, ಸುರಿಯುವ ಮಳೆಯಲ್ಲೇ ಏರು ಹತ್ತಿಸಿದೆವು. ನಡುಕ ಇಲ್ಲ, ಲೈಟ್ ಇಲ್ಲ. ಗ್ಯಾರೇಜಿನಲ್ಲಿ ತೆಗೆದ ಹಳೆಯ ಕಾಯಿಲ್ ಡಿಕ್ಕಿಯಲ್ಲೇ ಇತ್ತು. ಸೀತಾಂಗೋಳಿಯಲ್ಲಿ ಒಂದು ಅಂಗಡಿಯ ಮಾಡಿನ ಕೆಳಗೆ ನಿಲ್ಲಿಸಿ ಅದನ್ನೇ ಎರಡನೇ ಸಿಲಿಂಡರಿಗೆ ಹಾಕಿ ನೋಡಿದೆ. ಬದಿಯಡ್ಕದವರೆಗೆ ಹೋಗಿ ಬಂದೆವು. ಎಂಜಿನ್ ಒಂದು ಸಲವೂ ತಪ್ಪಲಿಲ್ಲ.