ಕಮಾನು ಗಾಡಿ, ಹದಿನಾಲ್ಕನೇ ತಿಂಗಳು

ಮಿಷಿಗನ್‌ನ ನಮ್ಮ ಗ್ಯಾರೇಜಿನಲ್ಲಿ ನಾನೇ ಕಟ್ಟುತ್ತಿರುವ ಈ ಟಿಯರ್‌ಡ್ರಾಪ್ ಗಾಡಿಯ ಬಗ್ಗೆ ಕೊನೇ ಸಲ ಬರೆದಿದ್ದು ಅಕ್ಟೋಬರ್‌ನಲ್ಲಿ. "ಹಿಂದಿನ ಡಿಕ್ಕಿ ಬಾಗಿಲು ಒಂದು ಕೂರಿಸಿದರೆ ಮುಗೀತು, ಹಿಮ ಬೀಳುವುದರೊಳಗೆ ಬಣ್ಣ" ಅಂತ ಬರೆದಿದ್ದೆ. ಆಮೇಲೆ ಆರು ತಿಂಗಳು ಸದ್ದೇ ಇಲ್ಲ.

ಕೆಲಸ ನಿಂತುಹೋಗಿದೆ ಅಂತ ನನಗೆ ಗೊತ್ತಾಗಿದ್ದು ಬೊಂಬೆ ಡಬ್ಬಗಳಿಂದ. ದಸರಾ ಬೊಂಬೆಗಳನ್ನು ಪೇಪರಿನಲ್ಲಿ ಸುತ್ತಿ ಪ್ರತಿ ವರ್ಷ ಬೇಸ್‌ಮೆಂಟಿನಲ್ಲಿ ಇಡುತ್ತೇವೆ. ಈ ಸಲ ಅಲ್ಲಿ ಜಾಗ ಇಲ್ಲ ಅಂತ ನನ್ನ ಹೆಂಡತಿ ಅವನ್ನು ತಂದು ಗಾಡಿಯೊಳಗೆ ಜೋಡಿಸಿದಳು. ನಾನು ಏನೂ ಅನ್ನಲಿಲ್ಲ. ನವೆಂಬರ್‌ನಲ್ಲಿ ಬೇಸಿಗೆ ಟೈರುಗಳು ಬಂದವು. ಆಮೇಲೆ ಎರಡು ಮೂಟೆ ಸೋನಾ ಮಸೂರಿ. ಡಿಸೆಂಬರ್ ಹೊತ್ತಿಗೆ ನಮ್ಮ ಮನೆಯಲ್ಲಿ "ಗಾಡಿ" ಅಂದರೆ ಉಗ್ರಾಣ ಅಂತ ಅರ್ಥ ಆಗಿತ್ತು. "ಅಪ್ಪ, ಗಾಡಿಯಿಂದ ಅಕ್ಕಿ ತಗೊಂಡ್ ಬಾ."

ಹೊಸದಾಗಿ ಓದುವವರಿಗೆ ಎರಡು ಮಾತು. ಟಿಯರ್‌ಡ್ರಾಪ್ ಅಂದರೆ ಕಾರಿನ ಹಿಂದೆ ಕಟ್ಟಿ ಎಳೆದುಕೊಂಡು ಹೋಗುವ ಪುಟ್ಟ ಮಲಗುವ ಗಾಡಿ. ಪಕ್ಕದಿಂದ ನೋಡಿದರೆ ನೀರಿನ ಹನಿ ಅಡ್ಡ ಮಲಗಿದ ಹಾಗೆ, ಮುಂದೆ ದುಂಡಗೆ, ಹಿಂದೆ ಇಳಿಜಾರು. ಒಳಗೆ ನಿಲ್ಲಲು ಆಗುವುದಿಲ್ಲ, ಬರೀ ಹಾಸಿಗೆ. ಹಿಂದಿನ ಬಾಗಿಲು ಎತ್ತಿದರೆ ಅಡುಗೆ ಕಟ್ಟೆ. ಅಮೆರಿಕದಲ್ಲಿ ಇದು 1930ರ ದಶಕದಿಂದ ಇದೆ. ಮಹಾಯುದ್ಧ ಮುಗಿದ ಮೇಲೆ, 1947ರಲ್ಲಿ, ಪಾಪ್ಯುಲರ್ ಮೆಕ್ಯಾನಿಕ್ಸ್ ಥರದ ಪತ್ರಿಕೆಗಳು ಮನೆಯಲ್ಲೇ ಕಟ್ಟಿಕೊಳ್ಳುವ ನಕ್ಷೆ ಅಚ್ಚು ಹಾಕಿದ್ದವು. ನನ್ನದು 4 ಅಡಿ ಅಗಲ, 8 ಅಡಿ ಉದ್ದ. ಲೆಕ್ಕ ಸುಲಭ, ಪ್ಲೈವುಡ್ ಹಾಳೆ ಬರುವುದೇ ಆ ಅಳತೆಯಲ್ಲಿ.

ಹೆಸರು ಇಟ್ಟಿದ್ದು ಅಮ್ಮ. ಪಕ್ಕದ ಗೋಡೆ ಎರಡೂ ನಿಲ್ಲಿಸಿದ ದಿನ ವಿಡಿಯೊ ಕಾಲ್‌ನಲ್ಲಿ ತೋರಿಸಿದೆ. "ಇದು ನಮ್ ಕಮಾನು ಗಾಡಿ ಅಲ್ವೇನೋ?" ಅಂದಳು. ಅಮ್ಮನ ತವರು ಕೆ.ಆರ್. ನಗರದ ಕಡೆ. ಚಿಕ್ಕವಳಿದ್ದಾಗ ಚುಂಚನಕಟ್ಟೆ ಜಾತ್ರೆಗೆ ಹೋಗುತ್ತಿದ್ದದ್ದು ಬಿದಿರು ತಡಿಕೆಯ ಕಮಾನು ಕಟ್ಟಿದ ಎತ್ತಿನ ಗಾಡಿಯಲ್ಲಿ. ಕೆಳಗೆ ಹುಲ್ಲು, ಅದರ ಮೇಲೆ ಜಮಖಾನ, ಮೂಲೆಯಲ್ಲಿ ಬುತ್ತಿ. ರಾತ್ರಿ ಅದರಲ್ಲೇ ಮಲಗುವುದು. ನೋಡಿದರೆ ವ್ಯತ್ಯಾಸ ಏನೂ ಇಲ್ಲ. "ಎತ್ತು ಎಲ್ಲಿ?" ಅಂತ ಕೇಳಿದಳು. ಟೊಯೋಟಾ ಸಿಯೆನ್ನಾ ತೋರಿಸಿದೆ. 3,500 ಪೌಂಡು ಎಳೆಯುವ ಎತ್ತು.

ಈಗ ಅಕ್ಟೋಬರ್ ಕಥೆ.

ಟಿಯರ್‌ಡ್ರಾಪ್ ಕಟ್ಟುವವರೆಲ್ಲ ಹೆದರುವ ಭಾಗ ಹಿಂದಿನ ಬಾಗಿಲು. ಅದು ಚಪ್ಪಟೆ ಅಲ್ಲ, ಗಾಡಿಯ ಬೆನ್ನಿನ ಹಾಗೆ ಬಾಗಿರಬೇಕು. ಮುಕ್ಕಾಲು ಇಂಚಿನ ಪ್ಲೈವುಡ್‌ನಲ್ಲಿ ಬಿಲ್ಲಿನ ಆಕಾರದ ಪಕ್ಕೆಲುಬುಗಳನ್ನು ಕತ್ತರಿಸಿದೆ. ಅಡ್ಡಪಟ್ಟಿ ಹಾಕಿ ಜೋಡಿಸಿದೆ. ಮೇಲೆ ಇಂಚಿನ ಎಂಟನೇ ಒಂದು ಭಾಗ ದಪ್ಪದ ತೆಳು ಪ್ಲೈ ಬಗ್ಗಿಸಿ ಅಂಟಿಸಿದೆ. ಮನೆಯಲ್ಲಿದ್ದ ಕ್ಲ್ಯಾಂಪು, ಬೆಲ್ಟು ಎಲ್ಲ ಬಿಗಿದು ಎರಡು ದಿನ ಬಿಟ್ಟೆ. ಭಾನುವಾರ ಬೆಳಿಗ್ಗೆ ಕಾಫಿ ಲೋಟ ಹಿಡಿದುಕೊಂಡೇ ಹೋಗಿ ಕ್ಲ್ಯಾಂಪು ಬಿಚ್ಚಿದೆ. ಮೊದಲನೆಯದು ಬಿಚ್ಚಿದಾಗ "ಕಿರ್" ಅಂತು. ಕೊನೆಯದು ಬಿಚ್ಚುವಾಗ ಬಾಗಿಲು ನಿಧಾನಕ್ಕೆ, ಯಾರೋ ಮೈಮುರಿದ ಹಾಗೆ, ನೆಟ್ಟಗಾಯಿತು. ಮೇಲೆ ಕೂರಿಸಿ ನೋಡಿದರೆ ಕೆಳತುದಿಯಲ್ಲಿ ಒಂದೂಕಾಲು ಇಂಚು ಸಂದಿ. ನನ್ನ ಹೆಬ್ಬೆರಳು ಆರಾಮಾಗಿ ಒಳಗೆ ಹೋಯಿತು.

ಇದಕ್ಕೆ ಸ್ಪ್ರಿಂಗ್‌ಬ್ಯಾಕ್ ಅನ್ನುತ್ತಾರೆ. ಬಗ್ಗಿಸಿದ ಪ್ಲೈವುಡ್ ನೆಟ್ಟಗಾಗಲು ನೋಡುತ್ತದೆ, ಪಕ್ಕೆಲುಬು ಸಣ್ಣಗಿದ್ದರೆ ಅವನ್ನೂ ಎಳೆದುಕೊಂಡು ಹೋಗುತ್ತದೆ. ಓದಿದ್ದೆ. ನನಗೆ ಆಗಲ್ಲ ಅಂದುಕೊಂಡಿದ್ದೆ, ಅಷ್ಟೇ.

ಆಮೇಲೆ ಚಳಿ ಬಂತು ಅಂತ ಎಲ್ಲರಿಗೂ ಹೇಳಿದೆ. ಸುಳ್ಳೇನಲ್ಲ. ನಾನು ಬಳಸುವ ಟೈಟ್‌ಬಾಂಡ್ 2 ಅಂಟಿಗೆ ಕನಿಷ್ಠ 55 ಡಿಗ್ರಿ ಫ್ಯಾರನ್‌ಹೀಟ್ ಬೇಕು, ಅಂದರೆ ಸುಮಾರು 13 ಸೆಲ್ಸಿಯಸ್. ಅದಕ್ಕಿಂತ ಕಮ್ಮಿ ಆದರೆ ಒಣಗಿ ಸೀಮೆಸುಣ್ಣದ ಪುಡಿ ಥರ ಬೆಳ್ಳಗಾಗುತ್ತದೆ, ಹಿಡಿಯುವುದಿಲ್ಲ. ಮಿಷಿಗನ್ ಚಳಿಗಾಲದಲ್ಲಿ ನಮ್ಮ ಗ್ಯಾರೇಜು ಅಷ್ಟು ಬೆಚ್ಚಗೆ ಎಲ್ಲಿಂದ ಇರಬೇಕು? ಆದರೆ ಅಂಟು ಬೇಡದ ಕೆಲಸ ಬೇಕಾದಷ್ಟಿತ್ತು. ವೈರಿಂಗ್, ಡ್ರಾಯರ್, ಸ್ಯಾಂಡ್ ಪೇಪರ್ ಉಜ್ಜುವುದು. ಅದ್ಯಾವುದನ್ನೂ ಮಾಡಲಿಲ್ಲ. ಗ್ಯಾರೇಜಿಗೆ ಹೋದರೆ ಆ ಬಾಗಿಲು ಗೋಡೆಗೆ ಒರಗಿಕೊಂಡು ನನ್ನನ್ನೇ ನೋಡುತ್ತಿತ್ತು. ಹಳೇದು ಎಸೆದು ಹೊಸದು ಕಟ್ಟಬೇಕಾ, ಇದನ್ನೇ ಸರಿ ಮಾಡಬಹುದಾ? ತೀರ್ಮಾನ ಆಗಲಿಲ್ಲ. ಅದು ಆಗದೆ ಬೇರೆ ಯಾವುದಕ್ಕೂ ಕೈ ಹೋಗಲಿಲ್ಲ. ನಾನು ಸೋಮಾರಿ ಅಂತ ನಾನೇ ಬೈದುಕೊಳ್ಳುತ್ತಿದ್ದೆ. ಈಗ ನೋಡಿದರೆ ಸೋಮಾರಿತನ ಅಲ್ಲ ಅದು. ಒಂದು ಪ್ರಶ್ನೆ ಬಾಗಿಲಲ್ಲಿ ಅಡ್ಡ ಮಲಗಿತ್ತು, ನಾನು ದಾಟಿ ಹೋಗಲಿಲ್ಲ.

ಹುಮ್ಮಸ್ಸು ತಂದುಕೊಳ್ಳಲು ಮಾಡಿದ ಸರ್ಕಸ್ಸುಗಳನ್ನೂ ಬರೆದುಬಿಡುತ್ತೇನೆ.

ಯೂಟ್ಯೂಬ್ ನೋಡಿದೆ. ತಪ್ಪು. ಅವರ ಗಾಡಿ ಹನ್ನೆರಡು ನಿಮಿಷಕ್ಕೆ ಮುಗಿದುಹೋಗುತ್ತದೆ, ಹಿನ್ನೆಲೆಯಲ್ಲಿ ಗಿಟಾರ್ ಬೇರೆ. ನೋಡಿ ಎದ್ದಾಗ ನನ್ನ ಗಾಡಿ ಇನ್ನೂ ಹಿಂದಕ್ಕೆ ಹೋದ ಹಾಗೆ ಅನ್ನಿಸುತ್ತಿತ್ತು. ದಿನಾ ಒಂದು ಗಂಟೆ ಅಂತ ಶಪಥ ಮಾಡಿದೆ, ಒಂಬತ್ತು ದಿನ ನಡೆಯಿತು. ಅದರಲ್ಲಿ ನಾಲ್ಕು ದಿನ ಸ್ಕ್ರೂಗಳನ್ನು ಅಳತೆ ಪ್ರಕಾರ ಡಬ್ಬಿಗೆ ಹಾಕಿದ್ದೇ ಕೆಲಸ. ಖರ್ಚಿನ ಲೆಕ್ಕ ತೆಗೆದೆ. ಅಲ್ಲಿಯವರೆಗೆ 2,870 ಡಾಲರ್. ಇಷ್ಟು ದುಡ್ಡು ಸುರಿದಿದ್ದೀನಲ್ಲ ಅನ್ನುವ ಅಳುಕಿನಿಂದಾದರೂ ಏಳುತ್ತೇನೆ ಅಂದುಕೊಂಡೆ. ಅಳುಕು ಜಾಸ್ತಿ ಆಗಿ ಗ್ಯಾರೇಜಿನ ಲೈಟ್ ಹಾಕುವುದನ್ನೇ ಬಿಟ್ಟೆ.

ಡಿಸೆಂಬರ್‌ನಲ್ಲಿ ಹೆಂಡತಿ ಒಂದು ಕೆಲಸ ಮಾಡಿದಳು. ಮಿಷಿಗನ್ ಸ್ಟೇಟ್ ಪಾರ್ಕ್‌ಗಳಲ್ಲಿ ಆರು ತಿಂಗಳು ಮುಂಚೆ ಬುಕಿಂಗ್ ತೆರೆಯುತ್ತದೆ. ಜೂನ್ ಮಧ್ಯಕ್ಕೆ ಮೂರು ರಾತ್ರಿ, ವೈಲ್ಡರ್‌ನೆಸ್ ಸ್ಟೇಟ್ ಪಾರ್ಕ್. ಮ್ಯಾಕಿನಾ ಸೇತುವೆಗೆ ಹತ್ತಿರ, ಮಿಷಿಗನ್ ಸರೋವರದ ದಂಡೆ. ರಾತ್ರಿ ಆಕಾಶ ಕತ್ತಲಾಗಿಯೇ ಇರಲಿ ಅಂತ ಕಾಪಾಡಿರುವ ಜಾಗ. ನಮ್ಮ ನೋವೈಯಿಂದ ಉತ್ತರಕ್ಕೆ ಹೆಚ್ಚುಕಮ್ಮಿ ನಾಲ್ಕೂವರೆ ಗಂಟೆ ದಾರಿ.

"ಗಾಡಿ ಇದ್ರೆ ಗಾಡಿ, ಇಲ್ಲಾಂದ್ರೆ ಟೆಂಟು. ನೀವು ಟೆನ್ಶನ್ ಮಾಡ್ಕೋಬೇಡಿ" ಅಂದಳು. ಮಾಡಿಕೊಂಡೆ. ತಾರೀಖು ಇದ್ದರೆ ಕೆಲಸ ತಾನಾಗೇ ಓಡುತ್ತದೆ ಅನ್ನುತ್ತಾರೆ. ನನಗೆ ಉಲ್ಟಾ ಆಯಿತು. ಇನ್ನೂ ಎರಡು ವಾರ ಗ್ಯಾರೇಜಿನ ಕಡೆ ತಲೆ ಹಾಕಲಿಲ್ಲ.

ಬದಲಾಗಿದ್ದು ಫೆಬ್ರವರಿಯ ಒಂದು ಶನಿವಾರ. ಮಗಳಿಗೆ ಒಂಬತ್ತು ವರ್ಷ. "ಅಪ್ಪ, ಇವತ್ತು ಗಾಡಿಯಲ್ಲಿ ಮಲಗೋಣ" ಅಂದಳು. ಹೊರಗೆ ಹದಿನೆಂಟು ಡಿಗ್ರಿ, ನೀರು ಕಲ್ಲಾಗುವ 32ಕ್ಕಿಂತ ಎಷ್ಟೋ ಕೆಳಗೆ. ಬೇಡ ಅನ್ನಲು ಬಾಯಿ ತೆರೆದೆ. ಅವಳು ಆಗಲೇ ಬೊಂಬೆ ಡಬ್ಬ ಹೊರಗೆ ಇಡುತ್ತಿದ್ದಳು. ಅಕ್ಕಿ ಮೂಟೆ ನಾನು ಎತ್ತಿದೆ.

ಹಾಸಿಗೆ ಹಾಸಿದೆವು, ಎರಡು ರಜಾಯಿ. ಚಾವಣಿಯ ಗಾಳಿಕಿಂಡಿ ಎರಡು ಬೆರಳು ತೆರೆದಿಟ್ಟೆ. ಹೀಟರ್ ಗೀಟರ್ ಏನೂ ಇಲ್ಲ. ಗೋಡೆ ಒಳಗೆ ಒಂದು ಇಂಚಿನ ಗುಲಾಬಿ ಫೋಮ್ ಹಾಳೆ ತುಂಬಿದ್ದೇನೆ, ಅದು ಕೆಲಸ ಮಾಡುತ್ತಾ ಅಂತ ನೋಡುವ ಕುತೂಹಲ ನನಗೂ ಇತ್ತು. ಮಲಗುವಾಗ ಗ್ಯಾರೇಜಿನಲ್ಲಿ 36 ಡಿಗ್ರಿ. ರಾತ್ರಿ ಎರಡಕ್ಕೆ ಎಚ್ಚರ ಆಯಿತು, ಟಾರ್ಚ್ ಹಾಕಿ ನೋಡಿದರೆ ಒಳಗೆ 51. ಎರಡು ಮೈಯ ಕಾವು, ಅಷ್ಟೇ. ಮಗಳ ಮೊಣಕಾಲು ನನ್ನ ಪಕ್ಕೆಯಲ್ಲಿತ್ತು. ಹಸಿ ಪ್ಲೈವುಡ್ ವಾಸನೆ, ಮೇಲೆ ಅಂಗೈ ದೂರದಲ್ಲಿ ನಾನೇ ಬಗ್ಗಿಸಿದ ಚಾವಣಿ. ಒಂದು ಸ್ಕ್ರೂ ಸೊಟ್ಟ ಹೊಡೆದಿದ್ದೆ, ಅದು ಸರಿಯಾಗಿ ಕಣ್ಣೆದುರಿಗೇ.

ಬೆಳಿಗ್ಗೆ ಅವಳ ದೂರಿನ ಪಟ್ಟಿ ಸಿದ್ಧ ಇತ್ತು. ಕನ್ನಡಕ ಇಡಲು ಜಾಗ ಇಲ್ಲ. ಲೈಟ್ ಸ್ವಿಚ್ ಕಾಲ ಹತ್ತಿರ ಇದೆ, ಮಲಗಿದ ಮೇಲೆ ಯಾರು ಆರಿಸಬೇಕು? ಬಾಗಿಲ ಚಿಲಕ ಒಳಗಿನಿಂದ ಬೆರಳಿಗೆ ಚುಚ್ಚುತ್ತದೆ.

ಮೂರೂ ಸಣ್ಣ ಕೆಲಸ. ಒಂದಕ್ಕೂ ಆ ಹಿಂದಿನ ಬಾಗಿಲಿನ ಹಂಗಿಲ್ಲ. ಅವತ್ತೇ ಮಧ್ಯಾಹ್ನ ಕನ್ನಡಕದ ಗೂಡು ಆಯಿತು. ಮಾರನೇ ವಾರ ಸ್ವಿಚ್ ಬದಲಾಯಿತು. ಬೊಂಬೆ ಡಬ್ಬ ವಾಪಸ್ ಒಳಗೆ ಹೋಗಲಿಲ್ಲ.

ಇನ್ನೊಂದು ಅಭ್ಯಾಸವೂ ಆಗಲೇ ಶುರುವಾಯಿತು. ಮಗಳ ಸೀಮೆಸುಣ್ಣದ ಪೆಟ್ಟಿಗೆ ಗ್ಯಾರೇಜಿನಲ್ಲೇ ಇರುತ್ತದೆ. ಕೆಲಸ ನಿಲ್ಲಿಸುವ ಮುಂಚೆ, ಮುಂದಿನ ಸಲ ಮೊದಲು ಏನು ಮಾಡಬೇಕು ಅಂತ ನೆಲದ ಮೇಲೆ ಒಂದೇ ಸಾಲು ಬರೆಯುತ್ತೇನೆ. "ಬಾಗಿಲು ಮುಗಿಸು" ಅಂತ ಬರೆದರೆ ಉಪಯೋಗ ಇಲ್ಲ. "3ನೇ ಪಕ್ಕೆಲುಬು, ಒಳಅಂಚು, ನಾಲ್ಕು ಗೆರೆ ಎಳಿ" ಅಂತ ಬರೆಯಬೇಕು. ಆಫೀಸಿನಿಂದ ಬಂದವನು ಯೋಚನೆ ಮಾಡದೆ ಪೆನ್ಸಿಲ್ ಹಿಡಿಯುವಷ್ಟು ಸಣ್ಣದು. ಇಪ್ಪತ್ತು ನಿಮಿಷ ಸಿಕ್ಕರೂ ಏನೋ ಒಂದು ಆಗುತ್ತದೆ. ಕೆಲವು ದಿನ ಬೇಕು ಅಂತಲೇ ಸುಲಭದ ಕೆಲಸ ಅರ್ಧಕ್ಕೆ ಬಿಟ್ಟು ಬರುತ್ತೇನೆ.

ಬಾಗಿಲು ಕೊನೆಗೂ ಮಾರ್ಚ್‌ನಲ್ಲಿ ಸರಿಯಾಯಿತು. ಎಸೆಯಲಿಲ್ಲ. ಪಕ್ಕೆಲುಬುಗಳ ಒಳಅಂಚಿಗೆ ಗರಗಸದಿಂದ ಸಾಲಾಗಿ ಕಚ್ಚು ಹಾಕಿದೆ, ಅರ್ಧ ಆಳದವರೆಗೆ. ಬೆಲ್ಟ್ ಬಿಗಿದಾಗ ಆ ಕಚ್ಚುಗಳು ಮುಚ್ಚಿಕೊಂಡು ಬಾಗು ಜಾಸ್ತಿ ಆಗುತ್ತದೆ. ಬೇಕಾದ್ದಕ್ಕಿಂತ ಅರ್ಧ ಇಂಚು ಹೆಚ್ಚೇ ಎಳೆದೆ, ಬಿಟ್ಟಾಗ ಹಿಂದಕ್ಕೆ ಹೋಗೇ ಹೋಗುತ್ತದೆ ಅಂತ ಈಗ ಗೊತ್ತಲ್ಲ. ಟಾರ್ಪಾಲ್ ಕಟ್ಟಿ ಒಳಗೆ ಎಲೆಕ್ಟ್ರಿಕ್ ಹೀಟರ್ ಇಟ್ಟು 60 ಡಿಗ್ರಿ ಮಾಡಿಕೊಂಡೆ. ಕಚ್ಚುಗಳಿಗೆ ಅಂಟು ತುಂಬಿ, ಒಳಗಡೆಯಿಂದಲೂ ಒಂದು ಹಾಳೆ ತೆಳು ಪ್ಲೈ ಅಂಟಿಸಿದೆ. ಹೊರಗೊಂದು ಚರ್ಮ, ಒಳಗೊಂದು ಚರ್ಮ, ಒಂದನ್ನೊಂದು ಹಿಡಿದುಕೊಂಡಿರುತ್ತವೆ. ಮೂರು ದಿನ ಮುಟ್ಟಲಿಲ್ಲ. ಬಿಚ್ಚಿದಾಗ ಸದ್ದು ಬರಲಿಲ್ಲ. ಸಂದಿ ಈಗ ಇಂಚಿನ ಎಂಟನೇ ಒಂದು ಭಾಗ, ರಬ್ಬರ್ ಬೀಡಿಂಗ್ ಅದನ್ನು ನುಂಗಿಕೊಳ್ಳುತ್ತದೆ.

ಚಾವಣಿಗೆ ಬಡವರ ಫೈಬರ್‌ಗ್ಲಾಸ್. ಕ್ಯಾನ್ವಾಸ್ ಬಟ್ಟೆಯನ್ನು ಅದೇ ಟೈಟ್‌ಬಾಂಡ್ ಬಳಿದು ಸುಕ್ಕಿಲ್ಲದ ಹಾಗೆ ಹಾಸಿ, ಮೇಲೆ ಮನೆ ಹೊರಗೋಡೆಯ ಪೇಂಟ್ ನಾಲ್ಕೈದು ಕೋಟ್ ಹೊಡೆಯುವುದು. ಇದನ್ನು ಕೇಳಿ ಅಮ್ಮ, "ಪಂಚೆ ಆಗಲ್ವಾ?" ಅಂದಳು. ನಕ್ಕೆ. ಆಮೇಲೆ ಯೋಚಿಸಿದರೆ ಹಳೇ ಹತ್ತಿ ಬೆಡ್‌ಶೀಟ್ ಹಾಕಿದವರೂ ಇದ್ದಾರೆ. ಅಪ್ಪ ಇಲ್ಲಿಗೆ ಬಂದಾಗ ಬಿಟ್ಟುಹೋದ ಪಂಚೆಗಳು ಕಪಾಟಿನಲ್ಲಿದ್ದವು. ಫೋನ್ ಮಾಡಿ ಕೇಳಿದೆ. "ಹರಿದಿರೋದು ತಗೊ. ಜರಿ ಅಂಚಿಂದು ಮುಟ್ಟಬೇಡ" ಅಂದರು. ಎರಡಡಿ ತುಂಡು ಪ್ಲೈ ಮೇಲೆ ಪರೀಕ್ಷೆ ಮಾಡಿದೆ. ಚೂಪು ಮೂಲೆಯಲ್ಲಿ ಕ್ಯಾನ್ವಾಸ್‌ಗಿಂತ ಚೆನ್ನಾಗಿ ಕೂತಿತು. ಆದರೆ ತೀರಾ ತೆಳು, ಮರದ ಕೊಂಬೆ ತಾಗಿದರೆ ಹರಿದೀತು. ಹಾಗಾಗಿ ಚಾವಣಿಗೆ ಕ್ಯಾನ್ವಾಸ್, ಹಿಂದಿನ ಬಾಗಿಲಿನ ಒಳಮೈಗೆ ಪಂಚೆ. ಅಡುಗೆ ಕಟ್ಟೆ ಮುಂದೆ ನಿಂತು ತಲೆ ಎತ್ತಿದರೆ ಹಸಿರು ಅಂಚು ಕಾಣುತ್ತದೆ. ಅಲ್ಲಿಗೆ ಪೇಂಟ್ ಹೊಡೆಯಲ್ಲ, ಬರೀ ವಾರ್ನಿಷ್.

ಹೋದ ವಾರ ತೂಕ. ಹೆದ್ದಾರಿ ಪಕ್ಕದ ಲಾರಿ ವೇಬ್ರಿಡ್ಜ್‌ನಲ್ಲಿ 880 ಪೌಂಡು ಬಂತು, ಸುಮಾರು 400 ಕೆ.ಜಿ. ಅದರಲ್ಲಿ ನೂರಕ್ಕೆ 10ರಿಂದ 15 ಭಾಗ ಮುಂದಿನ ಮೂಕಿಯ ಮೇಲೆ ಕೂರಬೇಕು, ಇಲ್ಲದಿದ್ದರೆ ವೇಗದಲ್ಲಿ ಗಾಡಿ ಬಾಲ ಆಡಿಸಲು ಶುರು ಮಾಡುತ್ತದೆ. ಮನೆಗೆ ಬಂದು ಬಚ್ಚಲುಮನೆಯ ತೂಕದ ಯಂತ್ರವನ್ನು ಮೂಕಿ ಕೆಳಗೆ ಇಟ್ಟು ನೋಡಿದೆ. 70. ಶೇಕಡ ಎಂಟೂ ಇಲ್ಲ. ಹಿಂದಿನ ಅಡುಗೆ ಕಟ್ಟೆ ಕೆಳಗಿದ್ದ ಲಿಥಿಯಂ ಬ್ಯಾಟರಿ, 27 ಪೌಂಡಿನದು, ಅದನ್ನು ಮುಂದೆ ಮೂಕಿ ಮೇಲಿನ ಪೆಟ್ಟಿಗೆಗೆ ಸಾಗಿಸಿದೆ. 105 ಆಯಿತು. ಏತದ ಲೆಕ್ಕ, ಅಷ್ಟೇ.

ಇವತ್ತು ಗಾಡಿಯನ್ನು ಡ್ರೈವ್‌ವೇಗೆ ಎಳೆದು ಹಿಂದಿನ ಬಾಗಿಲ ಮೇಲೆ ಇಪ್ಪತ್ತು ನಿಮಿಷ ಪೈಪಿನಲ್ಲಿ ನೀರು ಬಿಟ್ಟೆ. ಮಗಳು ಒಳಗೆ ಟಾರ್ಚ್ ಹಿಡಿದು ಕೂತಿದ್ದಳು. ಹದಿನೇಳನೇ ನಿಮಿಷಕ್ಕೆ "ಅಪ್ಪ, ಬಂತು!" ಅಂತ ಕೂಗಿದಳು, ಗೆದ್ದ ದನಿಯಲ್ಲಿ. ಎಡಗಡೆ ಹಿಂಜ್ ಮೂಲೆಯಲ್ಲಿ ಒಂದು ಹನಿ.

ಪಕ್ಕದ ಗೋಡೆಗಳ ಬಣ್ಣ ಬಾಕಿ ಇದೆ. ಹಿಂದಿನ ಬಾಗಿಲಿಗೆ ಗ್ಯಾಸ್ ಸ್ಟ್ರಟ್ ಬರಬೇಕು, ಸದ್ಯಕ್ಕೆ ಪೊರಕೆ ಕೋಲು ಆನಿಸಿ ನಿಲ್ಲಿಸುತ್ತಿದ್ದೇನೆ. ಜೂನ್‌ನಲ್ಲಿ ಯಾರು ಎಲ್ಲಿ ಮಲಗುವುದು ಅನ್ನುವುದೂ ತೀರ್ಮಾನ ಆಗಿದೆ. ತಾಯಿ ಮಗಳು ಗಾಡಿಯಲ್ಲಿ, ಕಟ್ಟಿದವನು ಟೆಂಟಿನಲ್ಲಿ.

ಗ್ಯಾರೇಜಿನ ನೆಲದ ಮೇಲೆ ಈಗ ಇರುವ ಸಾಲು: "ಎಡ ಹಿಂಜ್ ಬಿಚ್ಚು, ಬ್ಯೂಟೈಲ್ ಟೇಪ್ ಹೊಸದು." ಅದರ ಕೆಳಗೆ ಮಗಳು ತನ್ನ ಕನ್ನಡದಲ್ಲಿ, ದೀರ್ಘ ಬಿಟ್ಟು, ಬರೆದಿದ್ದಾಳೆ: "ದೊಸೆ ಕಲ್ಲು ಮರಿಬೆಡ." ನಮ್ಮ ಮನೆಯ ಕಾವಲಿ ಬೀಡಿನದು, ಏಳು ಪೌಂಡು. ಅದೂ ಹಿಂದಿನ ಅಡುಗೆ ಕಟ್ಟೆಗೇ ಹೋಗಬೇಕು. ಮತ್ತೆ ತೂಕ ಹಾಕಬೇಕು.