ಭೀಮರಾಜ ಯಾವಾಗ ಯಾರ ದನಿ ತೆಗೆಯುತ್ತೆ?

ಫೆಬ್ರವರಿ ಅಂದ್ರೆ ನಮ್ಮಲ್ಲಿ ದರಕಿನ ಕಾಲ. ಶಿರಸಿ ಕಡೆ ಅಡಿಕೆ ತೋಟ ಇದ್ದವರಿಗೆ ಗೊತ್ತು, ಸೊಪ್ಪಿನ ಬೆಟ್ಟದಲ್ಲಿ ಒಣಗಿ ಬಿದ್ದ ಎಲೆಯನ್ನೆಲ್ಲ ಗುಡಿಸಿ ಕೊಟ್ಟಿಗೆಗೆ ತರುವ ಕೆಲಸ. ಈ ಸಲ ಊರಿಗೆ ಹೋದಾಗ ಆಯಿ ಜೊತೆ ನಾನೂ ಬೆಟ್ಟ ಹತ್ತಿದ್ದೆ. ಅರ್ಧ ಗಂಟೆ ಆಗಿರಬಹುದು, ತಲೆ ಮೇಲೇ ಗಿಡುಗ ಕೂಗಿತು. ನಾನು ಪೊರಕೆ ಬಿಟ್ಟು ಆಕಾಶ ನೋಡಿದೆ. ಆಯಿ ತಲೆ ಎತ್ತಲೂ ಇಲ್ಲ.

"ಅದು ಗಿಡುಗ ಅಲ್ದೋ ತಮಾ, ಭೀಮರಾಜ. ಬೆಕ್ಕು ಬೈಂದು ನೋಡು."

ನಿಜ. ನಮ್ಮನೆ ಬೆಕ್ಕು ನಮ್ಮ ಹಿಂದೆಯೇ ಬಂದು ಮತ್ತಿ ಮರದ ಬುಡದಲ್ಲಿ ಕೂತಿತ್ತು. ಅದರ ಮೇಲಿನ ಕೊಂಬೆಯಲ್ಲಿ ಭೀಮರಾಜ, ಕಾಜಾಣದ ಕುಟುಂಬದ ಹಕ್ಕಿ. ಎಣ್ಣೆ ಹಚ್ಚಿದ ಹಾಗೆ ಹೊಳೆಯುವ ಕಪ್ಪು ಮೈ, ಹಣೆ ಮೇಲೆ ಜುಟ್ಟು, ಬಾಲದಿಂದ ಇಳಿಬಿದ್ದ ಎರಡು ಉದ್ದನೆಯ ದಾರ, ದಾರದ ತುದಿಯಲ್ಲಿ ಮಾತ್ರ ತಿರುಚಿಕೊಂಡ ಒಂದೊಂದು ಗರಿಯ ತುಣುಕು. ಕತ್ತು ಬಗ್ಗಿಸಿ ಬೆಕ್ಕನ್ನೇ ನೋಡ್ತಾ ಗಿಡುಗನ ದನಿ ತೆಗೀತಾ ಇತ್ತು. ಪ್ರತಿ ಕೂಗಿಗೂ ಬಾಲದ ಆ ತುಣುಕುಗಳು ಅದುರುತ್ತಿದ್ದವು. ಬೆಕ್ಕು ಎದ್ದು ಹೋದ ಮೇಲೆ ಗಿಡುಗನ ದನಿಯೂ ನಿಂತಿತು.

ಭೀಮರಾಜ ಬೇರೆ ಹಕ್ಕಿಗಳ ದನಿ ಮಾಡುತ್ತೆ ಅನ್ನೋದು ಚಿಕ್ಕಂದಿನಿಂದ ಗೊತ್ತು. ಸುಮ್ನೆ ಅಣಕಿಸುತ್ತೆ ಅಂದುಕೊಂಡಿದ್ದೆ. ಆದ್ರೆ ಬೆಕ್ಕು ಬಂದಾಗಲೇ ಗಿಡುಗನ ದನಿ ಯಾಕೆ? ಅದೇ ತಲೆಯಲ್ಲಿ ಕೊರೀತಾ ಇತ್ತು. ಮನೆಗೆ ಬಂದು ಹುಡುಕಿ ಓದಿದೆ.

ಶ್ರೀಲಂಕಾದ ಸಿಂಹರಾಜ ಕಾಡಿನಲ್ಲಿ ಎಬೆನ್ ಗುಡೇಲ್ ಮತ್ತು ಸರತ್ ಕೊಟಗಮ ಅನ್ನೋ ಇಬ್ಬರು ಇದೇ ಪ್ರಶ್ನೆ ಹಿಡಿದು ಕೆಲಸ ಮಾಡಿದ್ದಾರೆ, 2006ರಲ್ಲಿ ಪ್ರಕಟಿಸಿದ್ದಾರೆ. ಅಲ್ಲಿನ ಹಕ್ಕಿಗೆ ನಮ್ಮದರ ಹಾಗೆ ಬಾಲದಲ್ಲಿ ದಾರ ಇಲ್ಲ. ಆಗ ಎರಡನ್ನೂ ಒಂದೇ ಜಾತಿ ಅಂತ ಎಣಿಸುತ್ತಿದ್ದರು, ಈಗ ಬೇರೆ ಮಾಡಿದ್ದಾರೆ. ಏನೇ ಆಗಲಿ, ತೀರಾ ಹತ್ತಿರದ ನೆಂಟರು. ಅವರು ಕಂಡುಕೊಂಡಿದ್ದು ಇದು: ಅಪಾಯ ಇಲ್ಲದಾಗ ಭೀಮರಾಜ ಬೇರೆ ಹಕ್ಕಿಗಳ ಹಾಡನ್ನೂ, ಅವು ಒಂದಕ್ಕೊಂದು ಓಗೊಡುವ ದನಿಯನ್ನೂ ತೆಗೆಯುತ್ತೆ. ಅಪಾಯ ಕಂಡಾಗ ಬೇಟೆಯಾಡುವ ಪ್ರಾಣಿ-ಪಕ್ಷಿಗಳ ದನಿ, ಇಲ್ಲಾ ಬೇರೆ ಹಕ್ಕಿಗಳು ಹೆದರಿದಾಗ ಕೂಗುವ ದನಿ. ಅಂದ್ರೆ ಯಾವ ದನಿ ಅನ್ನೋದು ಸಂದರ್ಭದ ಜೊತೆ ಬದಲಾಗುತ್ತೆ. ಆಯಿ ತಲೆ ಎತ್ತದೇ ಹೇಳಿದ್ದೂ ಅದೇ ಅಲ್ವಾ?

ನನಗೆ ಜಾಸ್ತಿ ಇಷ್ಟವಾಗಿದ್ದು ಅದೇ ಇಬ್ಬರ ಎರಡನೇ ಕೆಲಸ. ಕಾಡಿನಲ್ಲಿ ಹತ್ತಾರು ಜಾತಿಯ ಹಕ್ಕಿಗಳು ಒಂದೇ ದಂಡಾಗಿ ಮೇಯುತ್ತಾ ಸಾಗುತ್ತವೆ, ನಮ್ಮ ಬೆಟ್ಟದಲ್ಲೂ ಬೆಳಿಗ್ಗೆ ಹೊತ್ತು ನೋಡಬಹುದು. ಹರಟೆಮಲ್ಲಗಳು ಎಲೆ ಕೆದಕುತ್ತವೆ, ಹುಳ ಏಳುತ್ತೆ, ಭೀಮರಾಜ ಗಾಳಿಯಲ್ಲೇ ಹಿಡಿಯುತ್ತೆ. ದಂಡು ಇದ್ರೇ ಅದಕ್ಕೆ ಊಟ. ಇವರು ಕಾಡಿನಲ್ಲಿ ಸ್ಪೀಕರ್ ಇಟ್ಟು ಭೀಮರಾಜನ ಧ್ವನಿಮುದ್ರಣ ಕೇಳಿಸಿದರು. ಒಮ್ಮೆ ಬರೀ ಅದರ ಸ್ವಂತ ದನಿ, ಇನ್ನೊಮ್ಮೆ ಬೇರೆ ಹಕ್ಕಿಗಳ ದನಿಯನ್ನೂ ಸೇರಿಸಿ ಕೂಗಿದ್ದು. ಬೇರೆಯವರ ದನಿ ಸೇರಿದಾಗಲೇ ದಂಡಿನ ಹಕ್ಕಿಗಳು ಜಾಸ್ತಿ ಬಂದವು. ಅವರವರ ಭಾಷೆಯಲ್ಲೇ ಊಟಕ್ಕೆ ಕರೆದ ಹಾಗೆ.

ಇದೇ ಕುಟುಂಬದ ಆಫ್ರಿಕಾದ ಹಕ್ಕಿಯ ಕಥೆ ಬೇರೆ. ಕಲಹಾರಿಯಲ್ಲಿ ಟಾಮ್ ಫ್ಲವರ್ ತಂಡ 64 ಕಾಜಾಣಗಳ ಹಿಂದೆ ಬಿದ್ದು, 2014ರಲ್ಲಿ ಬರೆದಿದ್ದು: ಅವು ಸುಳ್ಳು ಎಚ್ಚರಿಕೆ ಕೂಗಿ, ಬೇರೆಯವರು ಹೆದರಿ ಬಿಟ್ಟು ಓಡಿದ ತಿಂಡಿಯನ್ನು ಎತ್ತಿಕೊಂಡು ಹೋಗುತ್ತವೆ. ಒಂದು ಕೂಗಿಗೆ ಎದುರಿನವರು ಬಗ್ಗದಿದ್ರೆ ಇನ್ನೊಂದು ದನಿ. ಒಟ್ಟು 51 ಬಗೆಯ ಎಚ್ಚರಿಕೆ ಕೂಗು ದಾಖಲಾಗಿದೆ, ದಿನದ ಊಟದಲ್ಲಿ ಕಾಲು ಭಾಗಕ್ಕೆ ಸ್ವಲ್ಪ ಕಮ್ಮಿ ಹೀಗೆ ಕದ್ದಿದ್ದೇ.

ಹಾಗಂತ ಹಕ್ಕಿ ನಮ್ಮ ಹಾಗೆ ಯೋಚಿಸಿ ದನಿ ಆರಿಸುತ್ತೆ ಅನ್ನೋದಕ್ಕೆ ನಾನು ತಯಾರಿಲ್ಲ. ಗಿಡುಗನ ದನಿ ಕೇಳಿದಾಗೆಲ್ಲ ಅದಕ್ಕೆ ಭಯ ಆಗಿರುತ್ತೆ, ಆ ಭಯದ ಜೊತೆಗೇ ದನಿಯೂ ಮನಸ್ಸಲ್ಲಿ ಕೂತಿರಬಹುದು, ಮುಂದೆ ಹೆದರಿದಾಗ ಅದೇ ಬಾಯಿಗೆ ಬರಬಹುದು. ಅಷ್ಟೇ ಆದ್ರೂ ಅದೇನು ಸಣ್ಣ ವಿಷಯ ಅಲ್ಲ.

ಈಗ ಒಂದು ನೋಟ್‌ಬುಕ್ ಇಟ್ಟಿದ್ದೇನೆ. ಎಡಕ್ಕೆ ಭೀಮರಾಜ ತೆಗೆದ ದನಿ, ಬಲಕ್ಕೆ ಆಗ ಸುತ್ತಮುತ್ತ ಇದ್ದಿದ್ದು. ನಾನು ಊರಲ್ಲಿ ಇಲ್ಲದಾಗ ಆಯಿ ಫೋನಿನಲ್ಲೇ ಬರೆಸುತ್ತಾಳೆ. ಹತ್ತೊಂಬತ್ತನೇ ಸಾಲು ಅವಳದ್ದು, ನಿನ್ನೆ ಬೆಳಿಗ್ಗೆಯದು. ಎಡಕ್ಕೆ ಗಿಡುಗ. ಬಲಕ್ಕೆ, ಬೆಕ್ಕು ಒಲೆ ಹತ್ರ ಮಲಗಿತ್ತು, ಆಕಾಶದಲ್ಲೂ ಏನೂ ಇರಲಿಲ್ಲ, ಭೀಮರಾಜ ಮಾತ್ರ ತೋಟದ ಕಾಲುವೆ ಕಡೆ ಮುಖ ಮಾಡಿ ಕೂಗ್ತಾನೇ ಇತ್ತು.