ಐಟಿನರಿಯಲ್ಲಿ ಬಿಟ್ಟ ಖಾಲಿ ದಿನಗಳು

ನಮ್ಮ ಕಸುಬಿನಲ್ಲಿ ಐಟಿನರಿಗೆ ಒಂದು ಅಚ್ಚು ಇದೆ. ಮೊದಲ ದಿನ, ಎರಡನೇ ದಿನ, ಮೂರನೇ ದಿನ ಅಂತ ತಲೆಬರಹ, ಒಂದೊಂದರ ಕೆಳಗೂ ಕನಿಷ್ಠ ನಾಲ್ಕು ಸಾಲು. ಖಾಲಿ ಜಾಗ ಕಂಡರೆ ಗಿರಾಕಿ ಬೆರಳಿಟ್ಟು ಕೇಳುತ್ತಾರೆ: "ಈ ದಿನಕ್ಕೂ ದುಡ್ಡು ತಗೊಂಡಿದ್ದೀರಲ್ಲ, ಏನೂ ಇಲ್ವಾ?" ಬೆಂಗಳೂರಿನ ಒಂದು ಸಣ್ಣ ಟ್ರಾವೆಲ್ ಆಫೀಸಿನಲ್ಲಿ ಹನ್ನೊಂದು ವರ್ಷ ಯುರೋಪ್ ಪ್ಯಾಕೇಜ್ ಕಟ್ಟಿ ನನ್ನ ಕೈ ಹಾಗೇ ಪಳಗಿದೆ. ಐಫೆಲ್ ಟವರ್‌ಗೆ ಬೆಳಿಗ್ಗೆ ಹತ್ತಕ್ಕೆ ಟಿಕೆಟ್ ತೆಗೆದರೆ ಹತ್ತಕ್ಕೆ ಅದು ಅಲ್ಲೇ ನಿಂತಿರುತ್ತದೆ.

ಆ ಕೈಯಲ್ಲೇ ಒಂದು ಸರ್ಫಿಂಗ್ ರಜೆ ಕಟ್ಟಿ ಕೆಡಿಸಿದ್ದೇನೆ.

ಬಂದಿದ್ದು ಅಪ್ಪ, ಅಮ್ಮ, ಹದಿನಾರು ವರ್ಷದ ಮಗಳು. ಮಗಳಿಗೆ ಸರ್ಫಿಂಗ್, ಅಂದರೆ ಉದ್ದನೆಯ ಬೋರ್ಡ್ ಮೇಲೆ ನಿಂತು ಅಲೆಯ ಜೊತೆ ಜಾರುವುದನ್ನು, ಕಲಿಯುವ ಹುಚ್ಚು. ಕ್ರಿಸ್‌ಮಸ್ ರಜೆಯಲ್ಲೇ ಆಗಬೇಕು, ಯುರೋಪ್ ಆಗಬೇಕು, ಆದರೆ ಚಳಿ ಇರಬಾರದು. ಇದಕ್ಕೆ ನಮ್ಮಲ್ಲಿ ಸಿದ್ಧ ಉತ್ತರ ಕೆನರಿ ದ್ವೀಪಗಳು. ಹೆಸರಿಗೆ ಸ್ಪೇನ್, ಯುರೋಪಿನ ಹಲವು ದೇಶಗಳಿಗೆ ಒಂದೇ ಸಾಕಾಗುವ ಷೆಂಗೆನ್ ವೀಸಾದಲ್ಲೇ ಹೋಗಬಹುದು. ಭೂಪಟದಲ್ಲಿ ನೋಡಿದರೆ ಅಟ್ಲಾಂಟಿಕ್‌ನಲ್ಲಿ, ಆಫ್ರಿಕಾದ ತೀರಕ್ಕೆ ಸುಮಾರು ನೂರು ಕಿಲೋಮೀಟರ್ ದೂರದಲ್ಲಿ. ಡಿಸೆಂಬರಿನಲ್ಲೂ ಹಗಲು ಇಪ್ಪತ್ತು ಡಿಗ್ರಿ ಆಸುಪಾಸು. ಅದರಲ್ಲಿ ಸರ್ಫಿಂಗ್‌ಗೆ ಹೆಸರಾದದ್ದು ಫುಯೆರ್ತೆವೆಂತುರಾ. ನಮ್ಮ ಅಕೌಂಟ್ಸ್ ಹುಡುಗ ಇವತ್ತಿಗೂ ಅದನ್ನು 'ಫ್ಯೂಚರ್ ವೆಂಚರ್' ಅಂತಲೇ ಬಿಲ್ ಮಾಡುತ್ತಾನೆ.

ಹೋಟೆಲ್ ಹುಡುಕಿದೆ. ದ್ವೀಪದ ದಕ್ಷಿಣ ತುದಿಯ ಮೊರ್ರೊ ಹಾಬ್ಲೆಯಲ್ಲಿ ಒಳ್ಳೆಯ ರೇಟಿಗೆ ಆಲ್-ಇನ್‌ಕ್ಲೂಸಿವ್ ಸಿಕ್ಕಿತು. ಮೈಲುಗಟ್ಟಲೆ ಬಂಗಾರದ ಮರಳು, ಫೋಟೋ ನೋಡಿದರೆ ಸಾಕು ಗಿರಾಕಿ ಹೂಂ ಅನ್ನುತ್ತಾರೆ. ನಮಗೆ ಸಿಗುವ ಕಮಿಷನ್ ಕೂಡ ಚೆನ್ನಾಗಿತ್ತು, ಅದನ್ನು ಮುಚ್ಚಿಡುವುದಿಲ್ಲ. (ಆ ಭಾಗದ ಹೆಸರನ್ನು ಸ್ಪ್ಯಾನಿಷಿನಲ್ಲಿ 'ಹಂದೀಯಾ' ಅಂತಾರೆ. ಗಿರಾಕಿಗಳ ಮುಂದೆ ನಾನು ಊರಿನ ಹೆಸರು ಮಾತ್ರ ಹೇಳುತ್ತೇನೆ.) ಸರ್ಫಿಂಗ್ ಶಾಲೆ ಹುಡುಕಿದರೆ ಉತ್ತರ ತುದಿಯ ಕೊರ್ರಲೇಹೊದಲ್ಲಿ ಒಂದಕ್ಕೆ ಒಳ್ಳೆಯ ರೇಟಿಂಗ್ ಇತ್ತು. ಮೂರನೇ ದಿನ, ನಾಲ್ಕನೇ ದಿನ ಬೆಳಿಗ್ಗೆ ಒಂಬತ್ತೂವರೆಗೆ ಕ್ಲಾಸು. ಐದನೇ ದಿನ ಫೆರಿಯಲ್ಲಿ ಪಕ್ಕದ ಲಾನ್ಸರೋತೆ ದ್ವೀಪಕ್ಕೆ, ತಿಮನ್‌ಫಾಯಾದ ಜ್ವಾಲಾಮುಖಿ ನೋಡಲು. ಆರನೇ ದಿನ ಹಳೆಯ ರಾಜಧಾನಿ ಬೆತಂಕೂರಿಯಾ. ಎಲ್ಲವೂ ನಾನ್-ರಿಫಂಡಬಲ್. ಒಂದು ಸಾಲೂ ಖಾಲಿ ಇರಲಿಲ್ಲ.

ಹೋಟೆಲಿನಿಂದ ಶಾಲೆಗೆ ನೂರು ಕಿಲೋಮೀಟರಿಗೂ ಹೆಚ್ಚು. ದ್ವೀಪ ಅಂದಮೇಲೆ ಎಲ್ಲ ಪಕ್ಕಪಕ್ಕದಲ್ಲೇ ಇರುತ್ತದೆ ಅಂತ ನಾನು ಅಳೆದೇ ನೋಡಿರಲಿಲ್ಲ.

ಎರಡನೇ ದಿನ ರಾತ್ರಿ ಶಾಲೆಯವರ ಮೆಸೇಜ್ ಬಂತು: ಉತ್ತರದಿಂದ ದೊಡ್ಡ ಅಲೆ ಬರುತ್ತಿದೆ, ಬೆಳಿಗ್ಗೆ ಬೇಡ, ಮಧ್ಯಾಹ್ನ ನೀರು ಇಳಿದ ಮೇಲೆ ನೋಡೋಣ. ನಾನು ಬೆಳಿಗ್ಗೆಗೆ ಕಾರು ಹೇಳಿಯಾಗಿತ್ತು. ಇವರು ಹೊರಟೇ ಹೋದರು. ದಡದಲ್ಲಿ ಕೆಂಪು ಬಾವುಟ. ಕಾದು ಕೂತು ಸಂಜೆ ವಾಪಸ್. ನಾಲ್ಕನೇ ದಿನ ಒಂದು ಗಂಟೆ ನೀರಿಗೆ ಇಳಿಸಿದರು. ಅಷ್ಟರಲ್ಲಿ ಅಪ್ಪನ ಬೋರ್ಡ್ ಅಲೆಗೆ ತಿರುಗಿ ಅವರ ಗಲ್ಲಕ್ಕೇ ಬಡಿದು ಮೂರು ಹೊಲಿಗೆ ಬಿತ್ತು. ವೀಸಾಕ್ಕೆಂದು ಮಾಡಿಸಿದ್ದ ಇನ್ಶೂರೆನ್ಸ್‌ನವರು "ಸಾಹಸ ಕ್ರೀಡೆ ಇದರಲ್ಲಿ ಸೇರಿಲ್ಲ" ಅಂತ ಕೈತೊಳೆದುಕೊಂಡರು. ಐದನೇ ದಿನ ಸಮುದ್ರ ಕೆರೆಯ ಹಾಗೆ ಸಾಧುವಾಯಿತು. ಇವರು ನನ್ನ ಐಟಿನರಿ ಹಿಡಿದು ಫೆರಿಗೆ ಹೊರಟಿದ್ದಾಗ, ಅದೇ ಶಾಲೆಯ ವ್ಯಾನು ಬೋರ್ಡುಗಳನ್ನು ಹೇರಿಕೊಂಡು, ಮಕ್ಕಳನ್ನು ತುಂಬಿಕೊಂಡು ಎದುರಿಗೆ ಬಂತಂತೆ.

ವಾಪಸ್ ಬಂದಮೇಲೆ ಆ ಅಮ್ಮ ಫೋನ್ ಮಾಡಿದರು. ಬೈಯಲಿಲ್ಲ. "ನೀವು ಬರೆದುಕೊಟ್ಟ ಹಾಗೇ ಎಲ್ಲ ಆಯ್ತು ಮೇಡಂ, ಒಂದು ನಿಮಿಷ ಆಚೀಚೆ ಆಗಲಿಲ್ಲ. ಅದರಿಂದಲೇ ತೊಂದರೆ ಆಗಿದ್ದು."

ಬೈದಿದ್ದರೆ ಮರೆತುಬಿಡುತ್ತಿದ್ದೆನೋ ಏನೋ. ಮುಂದಿನ ತಿಂಗಳೇ ರಜೆ ಹಾಕಿ ಮುಲ್ಕಿಗೆ ಹೋದೆ. ಶಾಂಭವಿ ನದಿ ಕಡಲು ಸೇರುವ ಆ ಊರಿನಲ್ಲಿ 2004ರಿಂದ ಸರ್ಫಿಂಗ್ ಕಲಿಸುತ್ತಿದ್ದಾರೆ. ಪಕ್ಕದ ಸಸಿಹಿತ್ಲುವಿನಲ್ಲಿ ರಾಷ್ಟ್ರಮಟ್ಟದ ಸ್ಪರ್ಧೆಗಳೂ ನಡೆದಿವೆ. ಇಷ್ಟು ಹತ್ತಿರ ಇಟ್ಟುಕೊಂಡು ನಾನು ಒಂದು ದಿನವೂ ಬೋರ್ಡ್ ಮುಟ್ಟದೆ ಅಟ್ಲಾಂಟಿಕ್ ಮಾರುತ್ತಿದ್ದೆ! ಹಿಂದಿನ ಸಂಜೆ ಕಲಿಸುವ ಹುಡುಗನಿಗೆ ಫೋನ್ ಮಾಡಿ ನಾಳೆ ಎಷ್ಟು ಗಂಟೆಗೆ ಬರಲಿ ಅಂತ ಕೇಳಿದೆ.

"ಅದು ಈಗ ಹೇಳ್ಲಿಕ್ಕೆ ಆಗುದಿಲ್ಲ ಮೇಡಂ. ಬೆಳಿಗ್ಗೆ ನಾನು ಹೋಗಿ ನೋಡಿ ಫೋನ್ ಮಾಡ್ತೇನೆ."

"ಒಂದು ಅಂದಾಜಾದರೂ ಹೇಳಪ್ಪ."

"ಅಂದಾಜು ನನ್ನ ಕೈಲಿ ಉಂಟಾ ಮಾರಾಯ್ರೆ?"

ಮೂರು ದಿನ ಕಲಿತೆ. ಮೊದಲ ದಿನ ಎರಡು ಗಂಟೆಯಲ್ಲಿ ಎಷ್ಟು ಬಾರಿ ಬಿದ್ದೆ ಅಂತ ಲೆಕ್ಕ ಇಡಲಿಲ್ಲ. ಎರಡನೇ ದಿನ ಭುಜ ಎತ್ತಿ ತಲೆ ಬಾಚಲು ಆಗಲಿಲ್ಲ. ಬೋರ್ಡ್ ಮೇಲೆ ಬೋರಲು ಮಲಗಿ ಕೈಯಲ್ಲಿ ನೀರು ಎಳೆಯುವುದಿದೆಯಲ್ಲ, ಅದಕ್ಕೆ ಬೇಕಾದ ಸ್ನಾಯು ಕೀಬೋರ್ಡ್ ಕುಟ್ಟುವವರ ಮೈಯಲ್ಲಿ ಇರುವುದೇ ಇಲ್ಲ. ಮೂರನೇ ದಿನ ಒಡೆದ ಅಲೆಯ ಬಿಳಿ ನೊರೆಯಲ್ಲಿ ಎದ್ದು ನಿಂತೆ, ಬಹುಶಃ ನಾಲ್ಕು ಸೆಕೆಂಡು. ಮೊದಲೆರಡು ದಿನ ಏನೂ ಬಾರದೆ ಮೂರನೇ ದಿನಕ್ಕೆ ಮೈಗೆ ಹತ್ತುವ ವಿದ್ಯೆ ಇದು. ಎರಡೇ ದಿನದ ಕ್ಲಾಸು ಬರೆದುಕೊಟ್ಟಿದ್ದೆನಲ್ಲ, ಅಲೆ ಚೆನ್ನಾಗಿದ್ದಿದ್ದರೂ ಆ ಹುಡುಗಿ ನಿಲ್ಲುವ ಹೊತ್ತಿಗೆ ನಾನು ಅವಳನ್ನು ಫೆರಿ ಹತ್ತಿಸಿರುತ್ತಿದ್ದೆ.

ಬಂದವಳೇ ನಮ್ಮ ಎನ್‌ಕ್ವೈರಿ ಫಾರ್ಮ್ ತಿದ್ದಿದೆ. "ಈಜು ಬರುತ್ತಾ?" ಅಂತ ಕೇಳಿದರೆ ಎಲ್ಲರೂ ಬರುತ್ತೆ ಅಂತಲೇ ಹೇಳುವುದು. ಅಪಾರ್ಟ್‌ಮೆಂಟ್ ಪೂಲಿನಲ್ಲಿ ನಾಲ್ಕಡಿ ನೀರು, ಆ ಬದಿಯಿಂದ ಈ ಬದಿಗೆ. ಈಗ "ಕಾಲು ತಾಗದ ನೀರಲ್ಲಿ, ಯಾವುದನ್ನೂ ಹಿಡಿಯದೆ ಐವತ್ತು ಮೀಟರ್ ಈಜಿದ್ದೀರಾ?" ಅಂತ ಕೇಳುತ್ತೇನೆ. ಅರ್ಧ ಜನ ಫೋನಿನಲ್ಲಿ ಸುಮ್ಮನಾಗುತ್ತಾರೆ. ಅವರಿಗೆ ಮೂರು ತಿಂಗಳು ಈಜು ಕ್ಲಾಸಿಗೆ ಸೇರಿ ಅನ್ನುತ್ತೇನೆ. ದಡದಿಂದ ಒಳಕ್ಕೆ ಎಳೆಯುವ ಸೆಳವಿಗೆ ಸಿಕ್ಕಿದರೆ ದಡದ ಕಡೆಗೇ ಗುದ್ದಾಡಬಾರದು, ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಹೋಗಬೇಕು. ಅದು ಗೊತ್ತಿದ್ದರೂ ಈಜು ಬಾರದವರಿಗೆ ಧೈರ್ಯ ಇರುವುದಿಲ್ಲ.

ಕಡಲನ್ನು ಓದುವುದನ್ನು ಸ್ವಲ್ಪ ಕಲಿತೆ. ಮೊದಲು ಫೋರ್‌ಕಾಸ್ಟ್‌ನಲ್ಲಿ ಅಲೆಯ ಎತ್ತರ ಮಾತ್ರ ನೋಡುತ್ತಿದ್ದೆ. ಪಕ್ಕದಲ್ಲೇ ಸೆಕೆಂಡುಗಳಲ್ಲಿ ಇನ್ನೊಂದು ಅಂಕಿ ಇರುತ್ತದೆ, ಒಂದು ಅಲೆಗೂ ಮುಂದಿನದಕ್ಕೂ ನಡುವಿನ ಹೊತ್ತು. ಒಂದೂವರೆ ಮೀಟರ್ ಎತ್ತರದ ಅಲೆ ಏಳು ಸೆಕೆಂಡಿಗೊಂದು ಬರುವುದಕ್ಕಿಂತ ಹದಿನಾಲ್ಕು ಸೆಕೆಂಡಿಗೊಂದು ಬಂದರೆ ಅದರ ಶಕ್ತಿ ಎರಡರಷ್ಟು. ಚಳಿಗಾಲದಲ್ಲಿ ಉತ್ತರ ಅಟ್ಲಾಂಟಿಕ್‌ನ ಬಿರುಗಾಳಿಗಳು ಸಾವಿರಾರು ಕಿಲೋಮೀಟರ್ ಆಚೆಯಿಂದ ಅಟ್ಟುವುದು ಈ ಉದ್ದದ ಅಲೆಗಳನ್ನೇ. ಪಳಗಿದವರಿಗೆ ಅದು ಹಬ್ಬ. ಕೊರ್ರಲೇಹೊ ಸುತ್ತಿನ ಉತ್ತರ ತೀರವೆಲ್ಲ ಬಹುಪಾಲು ಲಾವಾ ಬಂಡೆ, ಬಿದ್ದರೆ ಮೈ ತರಚುತ್ತದೆ. ಹೊಸಬರಿಗೆ ಮರಳಿನ ತಳ ಬೇಕು. ಅಂಥದ್ದು ಪಶ್ಚಿಮದಲ್ಲಿ ಎಲ್ ಕೊತಿಯೊ ಊರಿನ ದಕ್ಷಿಣಕ್ಕಿರುವ ಪಿಯೆದ್ರಾ ಪ್ಲಾಯಾ. ಅಲ್ಲೂ ಡಿಸೆಂಬರಿನ ದೊಡ್ಡ ದಿನಗಳಲ್ಲಿ ಹೊಸಬರಿಗೆ ಜಾಗವಿಲ್ಲ.

ಹಾಗಂತ ಬೇಸಿಗೆ ಸುಲಭವೂ ಅಲ್ಲ. ಜೂನ್‌ನಿಂದ ಆಗಸ್ಟ್‌ವರೆಗೆ ಈಶಾನ್ಯದ ಗಾಳಿ ಬಿಡದೆ ಬೀಸುತ್ತದೆ. ಬೋರ್ಡಿಗೆ ಹಾಯಿ ಕಟ್ಟಿ ಗಾಳಿಯಲ್ಲಿ ಓಡಿಸುವ ವಿಂಡ್‌ಸರ್ಫಿಂಗ್‌ನವರು ಅದಕ್ಕೇ ಜುಲೈಯಲ್ಲಿ ದಕ್ಷಿಣದ ಸೊತಾವೆಂತೊಗೆ ಮುಗಿಬೀಳುವುದು. ನಾನು ಈಗ ಹೇಳುವುದು ಸೆಪ್ಟೆಂಬರ್ ಕೊನೆ, ಅಕ್ಟೋಬರ್, ಇಲ್ಲವಾದರೆ ಏಪ್ರಿಲ್-ಮೇ. ಅಕ್ಟೋಬರಿನಲ್ಲಿ ನೀರು 22-23 ಡಿಗ್ರಿ ಇರುತ್ತದೆ, ಫೆಬ್ರವರಿ-ಮಾರ್ಚ್‌ನಲ್ಲಿ 18-19ಕ್ಕೆ ಇಳಿಯುತ್ತದೆ. ನೀರಿನ ಚಳಿ ತಡೆಯಲು ಮೈಗೆ ಅಂಟಿದಂತೆ ಹಾಕುವ ವೆಟ್‌ಸೂಟ್ ಶಾಲೆಯವರೇ ಕೊಡುತ್ತಾರೆ. ಅಳತೆ ಮಾತ್ರ ನಿಜ ಹೇಳಿ. ಹೊಟ್ಟೆ ಒಳಗೆ ಎಳೆದುಕೊಂಡು ಅಳತೆ ಕೊಟ್ಟ ಒಬ್ಬ ಸರ್ ಅರ್ಧ ಗಂಟೆ ಅದರೊಳಗೆ ತೂರಲು ಒದ್ದಾಡಿದರು.

ಈ ತಿದ್ದಿದ ಲೆಕ್ಕದಲ್ಲಿ ಮೊದಲು ಕಳಿಸಿದ್ದು ಗಂಡ-ಹೆಂಡತಿ, ಒಂಬತ್ತು ವರ್ಷದ ಮಗ. ಅಕ್ಟೋಬರ್, ಒಂಬತ್ತು ರಾತ್ರಿ. ವೀಸಾ ಅರ್ಜಿಯನ್ನು ಆರು ತಿಂಗಳು ಮೊದಲೇ ಹಾಕಬಹುದು, ಜೂನ್‌ನಲ್ಲೇ ಮುಗಿಸಿದೆ. ವೀಸಾಕ್ಕೆ ಬೇಕಾದ ಮೂವತ್ತು ಸಾವಿರ ಯೂರೋ ಇನ್ಶೂರೆನ್ಸ್‌ನಲ್ಲಿ ಸರ್ಫಿಂಗ್ ಅನ್ನುವ ಪದ ಪಾಲಿಸಿಯಲ್ಲೇ ಇದೆಯಾ ಅಂತ ಸಣ್ಣ ಅಕ್ಷರ ಪೂರ್ತಿ ಓದಿದೆ. ಉಳಿಯಲು ಕೊರ್ರಲೇಹೊದಲ್ಲಿ ಅಡುಗೆಮನೆ ಇರುವ ಅಪಾರ್ಟ್‌ಮೆಂಟ್. ಅಲ್ಲಿಂದ ಎಲ್ ಕೊತಿಯೊಗೆ ಇಪ್ಪತ್ತು ಕಿಲೋಮೀಟರ್. ಶಾಲೆ ಆರಿಸುವಾಗ ಒಂದೇ ಪ್ರಶ್ನೆ ಕೇಳಿದೆ: "ನಿಮ್ಮ ಕ್ಲಾಸು ಯಾವ ಬೀಚಿನಲ್ಲಿ?" ಒಂದೇ ಬೀಚಿನ ಹೆಸರು ಹೇಳಿದವರನ್ನು ಬಿಟ್ಟೆ. "ಅವತ್ತು ಬೆಳಿಗ್ಗೆ ನೋಡಿ ವ್ಯಾನಿನಲ್ಲಿ ಕರೆದುಕೊಂಡು ಹೋಗುತ್ತೇವೆ" ಅಂದವರಿಗೆ ಐದು ದಿನದ ಕ್ಲಾಸು ಬುಕ್ ಮಾಡಿದೆ, ಒಂಬತ್ತರಲ್ಲಿ ಯಾವ ಐದು ಅನ್ನುವುದನ್ನು ಅವರಿಗೇ ಬಿಟ್ಟು.

ಐಟಿನರಿಯಲ್ಲಿ ಮೊದಲ ದಿನ, ಕೊನೆಯ ದಿನ ಮಾತ್ರ ತುಂಬಿತ್ತು. ಬಾಸ್ ಕರೆದು ಪ್ರಿಂಟ್‌ಔಟ್ ತೋರಿಸಿದರು. "ಇದೇನಮ್ಮಾ, ಟೈಪ್ ಮಾಡ್ತಾ ನಿದ್ದೆ ಹೋದ್ಯಾ?" ಕೊನೆಗೆ ಒಂದು ಹಾಳೆ ಸೇರಿಸಿ ಒಪ್ಪಿಸಿದೆ: ಅಲೆ ಇಲ್ಲದ ದಿನ ಲೋಬೋಸ್ ನಡುಗಡ್ಡೆಗೆ ದೋಣಿ, ಗಾಳಿ ಜೋರಿದ್ದರೆ ಬೆತಂಕೂರಿಯಾ, ಮೈಕೈ ನೋವಾದರೆ ಎಲ್ ಕೊತಿಯೊದ ಲಗೂನ್, ಅಲ್ಲಿ ಬಂಡೆಗಳು ಅಲೆ ತಡೆಯುವುದರಿಂದ ನೀರು ತಿಳಿಯಾಗಿ ನಿಂತಿರುತ್ತದೆ. ಯಾವುದನ್ನೂ ಮೊದಲೇ ಬುಕ್ ಮಾಡಲಿಲ್ಲ. ಸಹಾರಾದ ಧೂಳು ತರುವ 'ಕಲೀಮಾ' ಗಾಳಿ ಎದ್ದರೆ ಕಿಟಕಿ ಮುಚ್ಚಿ ಮಲಗಿ ಅಂತಲೂ ಬರೆದಿದ್ದೆ.

ಗಂಡ ಎರಡನೇ ದಿನಕ್ಕೇ ಭುಜ ಹಿಡಿದುಕೊಂಡು ಬಿಟ್ಟುಬಿಟ್ಟರು. ಉಳಿದ ದಿನ ಮಗನ ಜೊತೆ ಲಗೂನಿನಲ್ಲಿ ಕೂತು, ಸಿಪ್ಪೆ ಸಮೇತ ಉಪ್ಪುನೀರಲ್ಲಿ ಬೇಯಿಸಿದ ಆಲೂಗಡ್ಡೆಯನ್ನು ಮೋಹೊ ಚಟ್ನಿಯಲ್ಲಿ ಅದ್ದಿ ತಿಂದರಂತೆ. "ನಮ್ಮ ಕೆಂಪು ಚಟ್ನಿ ತಂಗಿ ಮೇಡಂ ಅದು" ಅಂತ ಮೆಸೇಜ್. ಎರಡು ದಿನ ಅಲೆಯೇ ಇರಲಿಲ್ಲ. ಹೆಂಡತಿ ಏಳನೇ ದಿನ ನಿಂತರು, ವಿಡಿಯೋ ಬಂತು. ಎಂಟಡಿಯ ನೀಲಿ ಫೋಮ್ ಬೋರ್ಡ್ ಮೇಲೆ ಮೊಣಕಾಲು ಮಡಿಸಿ, ಕೈ ಅಗಲಿಸಿ, ಬಾಯಿ ತೆರೆದು ಏನೋ ಕೂಗುತ್ತಿದ್ದಾರೆ. ಗಾಳಿಯ ಸದ್ದಿನಲ್ಲಿ ಕೇಳಿಸುವುದಿಲ್ಲ.

ಮೊದಲ ಕುಟುಂಬದ ಅಮ್ಮನಿಗೆ ಕಳೆದ ವರ್ಷ ಫೋನ್ ಮಾಡಿದ್ದೆ. ಮಗಳು ಈಗ ಸುರತ್ಕಲ್‌ನಲ್ಲಿ ಎಂಜಿನಿಯರಿಂಗ್ ಓದುತ್ತಿದ್ದಾಳಂತೆ. ಭಾನುವಾರ ಬಸ್ ಹತ್ತಿ ಮುಲ್ಕಿಗೆ ಹೋಗುತ್ತಾಳಂತೆ, ನಮ್ಮ ಆಫೀಸಿನ ಹಂಗಿಲ್ಲದೆ.